ಬಿಸಿಲಿಗೆ ಕರಗುವ ಪೇಪರ್

ನಮ್ಮ ಕಡೆ ಪೇಪರ್ ಎಂದರೆ ಎರಡು ಬಗೆ. ಒಂದು, ಬೆಳಗ್ಗೆ ಹುತ್ತೂರಿನಿಂದ ಹಾಲಿನ ಗಾಡಿಯ ಜೊತೆ ಬಂದು, ನಾನು ಓದಿ ಮುಗಿಸಿದ ಮೇಲೆ ಬೋಂಡದ ಎಣ್ಣೆ ಹೀರುವ ಕೆಲಸಕ್ಕೆ ಹೋಗುವುದು. ಇನ್ನೊಂದು, ಹೊಲಕ್ಕೆ ಹಾಸುವುದು. ಮೊದಲನೆಯದು ಒಂದು ತುಂತುರಿಗೆ ಹಿಟ್ಟಾಗುತ್ತದೆ. ಎರಡನೆಯದು ನನ್ನ ತಿಥಿ ಮುಗಿದು, ನನ್ನ ತಿಥಿ ಮಾಡಿದವರ ತಿಥಿಯೂ ಮುಗಿದ ಮೇಲೆ ಹಾಗೆಯೇ ಹೊಳೆಯುತ್ತಾ ಇರುತ್ತದೆ. ಆದರೂ ಎರಡಕ್ಕೂ ಒಂದೇ ಹೆಸರು. ಟೊಮೆಟೊ ಸಾಲಿನ ಮೇಲೆ ಹಾಸುವ ಆ ಹಾಳೆಯನ್ನು ಪ್ಲಾಸ್ಟಿಕ್ ಎಂದು ಕರೆದವರನ್ನು ನಾನು ಕೋಲಾರದಿಂದ ಮುಳಬಾಗಿಲಿನವರೆಗೆ ಎಲ್ಲೂ ಕಂಡಿಲ್ಲ. “ಪೇಪರ್ ಹಾಕ್ಸಿದ್ರಾ?” “ಹೂಂ, ಪೇಪರ್ ಹಾಕ್ಸಿ ನಾಟಿ ಮಾಡಿದ್ವಿ.” ಮಾತು ಮುಗಿಯಿತು. ಪ್ಲಾಸ್ಟಿಕ್ ಕೆಟ್ಟದ್ದು ಎಂದು ಶಾಲೆಯ ಗೋಡೆಯ ಮೇಲೆಲ್ಲ ಬರೆದಿದೆ. ಪೇಪರ್ ಕೆಟ್ಟದ್ದು ಎಂದು ಯಾರೂ ಬರೆದಿಲ್ಲವಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ವಸ್ತುವಿಗೆ ತಪ್ಪು ಹೆಸರು ಹೇಳಿದರೆ ಸಿಸ್ಟರ್ ಫುಟ್‌ರೂಲರನ್ನು ನೆಟ್ಟಗೆ ಹಿಡಿದು ಬೆರಳ ಗೆಣ್ಣಿಗೆ ಬಿಡುತ್ತಿದ್ದರು. ಮೇಣ ತಿಕ್ಕಿದ ಆ ಉದ್ದನೆಯ ಕಾರಿಡಾರ್, ಗಂಜಿ ಹಾಕಿದ ಬಿಳಿ ಕಾಲರ್, ಸಂಜೆ ಹೊತ್ತು ಪಿಯಾನೋದ ಮೇಲೆ ಯಾರೋ ತಡವರಿಸುವ ಸ್ಕೇಲ್ಸ್, ಎಲ್ಲ ಎಷ್ಟು ಲವ್ಲಿಯಾಗಿತ್ತು ಎಂದು ಈಗ ಅನಿಸುತ್ತದೆ. ಆಗ ಹೊಟ್ಟೆ ಹಸಿಯುತ್ತಿತ್ತು, ಅಷ್ಟೇ. ಅಂಥ ಶಿಸ್ತಿನ ವಿದ್ಯೆ ಪಡೆದು ಈ ಊರಿಗೆ ಸೊಸೆಯಾಗಿ ಬಂದವಳು “ಇದು ಪೇಪರ್ ಅಲ್ಲಪ್ಪಾ” ಎಂದು ಒಂದು ದಿನವೂ ಹೇಳಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಪಾಪ ಅರ್ಧವಾದರೂ ಕಡಿಮೆಯಾಗುತ್ತಿತ್ತು. ನಾನು ಬಾಯಿ ಬಿಟ್ಟೆ.

ನಮ್ಮ ಮನೆಯ ಕಾರುಬಾರು ಇಬ್ಬರು ಹೆಂಗಸರದು. ಒಬ್ಬಳು ನಾನು, ಹಿರಿಯ ಸೊಸೆ. ಇನ್ನೊಬ್ಬಳು ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ಅವಳ ತವರು ಶ್ರೀನಿವಾಸಪುರದ ಆಚೆ, ಮನೆಮಾತು ತೆಲುಗು. ಅವಳಿಗೆ ಅಕ್ಷರ ಬಾರದು, ಮಣ್ಣು ಗೊತ್ತು. ನನಗೆ ಅಕ್ಷರ ಮಾತ್ರ ಗೊತ್ತು. ಹಾಗಾಗಿ ಎರಡು ಎಕರೆ ಹೊಲ, ಬೋರ್‌ವೆಲ್, ಹಸು ಅವಳ ಡಿಪಾರ್ಟ್‌ಮೆಂಟ್. ಮಾತ್ರೆಯ ಸ್ಟ್ರಿಪ್, ಔಷಧಿ ಡಬ್ಬ, ಫೋನಿಗೆ ಬರುವ ಮೆಸೇಜು ನನ್ನದು. ನನ್ನ ಡಿಪಾರ್ಟ್‌ಮೆಂಟಿಗೆ ಊರಿನವರೂ ಬರುತ್ತಾರೆ. “ದೊಡ್ಡಮ್ಮಾ, ಇದ್ರ ಮೇಲೆ ಏನ್ ಬರ್ದವ್ರೆ ನೋಡಿ” ಎಂದು ಡಬ್ಬ ಮುಂದೆ ಹಿಡಿಯುತ್ತಾರೆ. ನಾನು ಕನ್ನಡಕ ಏರಿಸಿ, ಮೊದಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ, ಸಿಸ್ಟರ್ ಕಲಿಸಿದ ಪ್ರೊನನ್ಸಿಯೇಷನ್ನಿನಲ್ಲಿ ಓದುತ್ತೇನೆ. ಅರ್ಥಕ್ಕಿಂತ ಆ ಓದನ್ನು ಕೇಳುವುದಕ್ಕೇ ಜನ ಬರುತ್ತಾರೆ ಎಂದು ನನಗೊಂದು ಹೆಮ್ಮೆಯ ಗುಮಾನಿ.

ಕೆಲವು ವರ್ಷಗಳ ಹಿಂದೆ ಮೊದಲ ಪೇಪರ್ ರೋಲು ನಮ್ಮ ಜಗಲಿಗೆ ಬಂದು ಇಳಿಯಿತು. ಒಂದು ಮೈ ಬೆಳ್ಳಿ, ಇನ್ನೊಂದು ಮೈ ಕಪ್ಪು. ಕೋಲಾರದ ಅಂಗಡಿಯಿಂದ ಅದನ್ನು ತಮ್ಮ ಟ್ರೈಲರಿನಲ್ಲಿ ತಂದವರು ನಮ್ಮೂರಿನ ಟ್ರ್ಯಾಕ್ಟರ್ ಸಾಹೇಬರು. ಸುತ್ತಲಿನ ಹೊಲಗಳನ್ನೆಲ್ಲ ಉಳುವವರು ಅವರೇ. ಓರಗಿತ್ತಿ ರೋಲನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿ ನೋಡಿ ನನ್ನನ್ನು ಕರೆದಳು.

“ಅಕ್ಕಾ, ಬಾ ಇಲ್ಲಿ. ಬೆಳೆ ಆದ್ಮೇಲೆ ಇದನ್ನ ಏನ್ ಮಾಡ್ಬೇಕು ಅಂತ ಏನಾರ ಬರ್ದವ್ರಾ, ಓದು.”

ಬರೆದಿರಲಿಲ್ಲ. ಅಗಲ, ಉದ್ದ, ದಪ್ಪ ಇತ್ತು. ಕೆಳಗೆ ‘ಯುವಿ ಸ್ಟೆಬಿಲೈಸ್ಡ್’ ಎಂದಿತ್ತು. ಬರೆದಿಲ್ಲ ಕಣೇ ಎಂದಿದ್ದರೆ ನನ್ನ ತಲೆಯ ಮೇಲಿನ ಕಿರೀಟವೇನೂ ಜಾರುತ್ತಿರಲಿಲ್ಲ. ಆದರೆ ಸಾಹೇಬರು ಕೈಕಟ್ಟಿ ನಿಂತು ಕಾಯುತ್ತಿದ್ದರು. ಕಾನ್ವೆಂಟಿನಲ್ಲಿ ನನಗೆ ಮಾರಲ್ ಸೈನ್ಸ್ ಇತ್ತು, ನೀಡ್ಲ್‌ವರ್ಕ್ ಇತ್ತು, ಫಿಸಿಕ್ಸ್ ಇರಲಿಲ್ಲ. ಇದ್ದ ವಿದ್ಯೆಯಲ್ಲೇ ಲೆಕ್ಕ ಹಾಕಿದೆ. ಯುವಿ ಎಂದರೆ ಬಿಸಿಲಿನ ಕಿರಣ, ಅದು ಮುಖ ಕಪ್ಪಾಗಿಸುತ್ತದೆ ಎಂದು ಸಿಸ್ಟರ್ ಹ್ಯಾಟ್ ಹಾಕಿಸುತ್ತಿದ್ದರು. ಸ್ಟೆಬಿಲೈಸ್ ಎಂದರೆ ನೆಲೆಗೊಳ್ಳುವುದು. ಅಂದಮೇಲೆ ಬಿಸಿಲಿನಿಂದ ನೆಲೆಗೊಳ್ಳುವುದು. ನೆಲಕ್ಕಲ್ಲದೆ ಇನ್ನೆಲ್ಲಿಗೆ ನೆಲೆಗೊಳ್ಳುತ್ತದೆ? ವಾಟ್ ಲಾಜಿಕ್!

“ಬಿಸಿಲಿಗೆ ತಾನಾಗೇ ಕರಗಿ ಮಣ್ಣಿಗೆ ಸೇರ್ಕೊಳ್ಳುತ್ತಂತೆ ಕಣೇ,” ಎಂದೆ.

“ಕರಗ್ತದಾ? ಇದಾ?” ಓರಗಿತ್ತಿ ಅಂಚನ್ನು ಹಿಡಿದು ಎಳೆದು ನೋಡಿದಳು.

“ಅರೇ, ಪೇಪರ್ ತಾನೇ ಅಮ್ಮಾ. ಕರಗ್ದೆ ಏನ್ ಮಾಡ್ತದೆ?” ಎಂದರು ಸಾಹೇಬರು.

ಆ ಎರಡು ಇಂಗ್ಲಿಷ್ ಪದಗಳ ನಿಜವಾದ ಅರ್ಥ ನಾನು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ. ಎಂಥ ಬಿಸಿಲಿಗೂ ಬೇಗ ಜಗ್ಗದಂತೆ ಗಟ್ಟಿ ಮಾಡಿದ ಸರಕು ಎಂದು ಅದರ ಅರ್ಥ. ಇದು ನನಗೆ ತಿಳಿಯುವ ಹೊತ್ತಿಗೆ ಹೊಲ ಐದು ಟೊಮೆಟೊ ಬೆಳೆ ಕಂಡಿತ್ತು.

ಮೊದಲ ಬೆಳೆಯ ವೈಭವವನ್ನು ಅಲ್ಲಗಳೆಯುವುದಿಲ್ಲ. ಡ್ರಿಪ್ ಪೈಪಿನ ಮೇಲೆ ಪೇಪರ್ ಹಾಸಿ, ಎರಡೂ ಅಂಚಿಗೆ ಮಣ್ಣು ಎಳೆದು, ತೂತು ಮಾಡಿ ಸಸಿ ಇಟ್ಟರು. ಕಳೆ ಇಲ್ಲ, ನೀರು ಆರುವುದಿಲ್ಲ, ಹಣ್ಣು ಮಣ್ಣಿಗೆ ತಾಗುವುದಿಲ್ಲ. ಕೋಲಾರದ ಮಾರ್ಕೆಟ್ಟಿಗೆ ಹೋದ ಹಣ್ಣು ನಮ್ಮ ಕಾನ್ವೆಂಟಿನ ಪ್ರಿಫೆಕ್ಟ್ ಹುಡುಗಿಯರ ಹಾಗೆ ನುಣ್ಣಗೆ, ಕೆಂಪಗೆ, ಒಂದೇ ಅಳತೆಯಲ್ಲಿತ್ತು. ಬೆಳೆ ಮುಗಿದ ಮೇಲೆ ಪೇಪರನ್ನು ಎಳೆದರೆ ನಡುವಿನದು ಹರಿದು ಕೈಗೆ ಬರುತ್ತದೆ, ಮಣ್ಣಿನಡಿಯ ಎರಡು ಅಂಚು ಅಲ್ಲೇ ಉಳಿಯುತ್ತದೆ. ಅದನ್ನು ಬಗ್ಗಿ ಬಗ್ಗಿ ಕೀಳಬೇಕು. ಕೀಳುವ ಹೆಂಗಸರೆಲ್ಲ ಆಗಲೇ ವೇಮಗಲ್ ಕಡೆಯ ಫ್ಯಾಕ್ಟರಿ ಬಸ್ಸು ಹತ್ತಿದ್ದರು. ಅವರದು ಬುದ್ಧಿವಂತಿಕೆ, ಅಲ್ಲಿ ನೆರಳಿದೆ, ಟೀ ಇದೆ. ಆಗ ನನ್ನ ಪಾಂಡಿತ್ಯ ಊರಿಗೆ ಒದಗಿತು.

“ಹೆಂಗೂ ಕರಗ್ತದಲ್ಲ, ಹೊಡ್ದುಬಿಡಿ ಸಾಹೇಬ್ರೇ,” ಎಂದಳು ಓರಗಿತ್ತಿ.

ಸಾಹೇಬರು ಪೇಪರಿನ ಸಮೇತ ರೋಟವೇಟರ್ ಹೊಡೆದರು. ಅದರ ಬ್ಲೇಡು ಇರುವುದೇ ಮಣ್ಣನ್ನು ಪುಡಿ ಮಾಡಲು; ಪೇಪರನ್ನೂ ಅಷ್ಟೇ ಶ್ರದ್ಧೆಯಿಂದ ಪುಡಿ ಮಾಡಿತು. ಹೊಲ ಸಂಜೆ ಬಿಸಿಲಿಗೆ ಮಿಣಮಿಣ ಹೊಳೆಯಿತು. “ಕರಗೋಕೆ ಶುರುವಾಯ್ತು ನೋಡೇ,” ಎಂದು ನಾನೇ ತೋರಿಸಿದ್ದು ಜ್ಞಾಪಕವಿದೆ. ಪಕ್ಕದ ಹೊಲದವರು ನೋಡಿದರು. ಅವರೂ ಹೊಡೆಸಿದರು. ಅವರ ಪಕ್ಕದವರೂ. “ದೊಡ್ಡಮ್ಮ ಇಂಗ್ಲಿಷ್‌ನಾಗೆ ಓದಿ ಹೇಳವ್ರೆ” ಎಂಬುದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದು? ಜೀವನದಲ್ಲಿ ನನ್ನ ಮಾತನ್ನು ಇಷ್ಟು ಜನ ಇಷ್ಟು ಬೇಗ ಕೇಳಿದ್ದು ಅದೇ ಮೊದಲು.

ಎಚ್ಚರಿಸುವವರು ಇರಲಿಲ್ಲ ಎಂದಲ್ಲ. ನಮ್ಮ ಮನೆಯ ಗೆದ್ದಲಿಗೆ ವಿದ್ಯೆಯ ಮೇಲೆ ಬಲು ಪ್ರೀತಿ. ನನ್ನ ನೀಡ್ಲ್‌ವರ್ಕ್ ಸರ್ಟಿಫಿಕೇಟನ್ನೂ ಕ್ಲಾಸಿನ ಗ್ರೂಪ್ ಫೋಟೋವನ್ನೂ ಹುಡುಗಿಯರ ಸಮೇತ ತಿಂದು ಮುಗಿಸಿವೆ. ಹಿತ್ತಲಿನಲ್ಲಿ ಉಳಿಕೆ ರೋಲೊಂದು ಎರಡು ವರ್ಷ ಬಿದ್ದಿತ್ತು. ಎತ್ತಿ ನೋಡಿದರೆ ಒಳಗಿನ ರಟ್ಟಿನ ಕೊಳವೆಯನ್ನು ನೀಟಾಗಿ ಮುಗಿಸಿ, ಸುತ್ತಿದ್ದ ಹಾಳೆಯನ್ನು ಮೂಸಿಯೂ ನೋಡಿರಲಿಲ್ಲ. ಯಾವುದು ಪೇಪರ್, ಯಾವುದು ಅಲ್ಲ ಎಂಬುದು ಗೆದ್ದಲಿಗೆ ಗೊತ್ತಿತ್ತು. ಇನ್ನೊಂದು ದಿನ ಮಾಸ್ತಿ ಕಡೆಯ ಕ್ಯಾರೆಟ್ ಎಂದು ಗಾಡಿಯವನು ಕೊಟ್ಟದ್ದರಲ್ಲಿ ಒಂದು ಕ್ಯಾರೆಟ್ಟು ಸೊಂಟಕ್ಕೆ ಕಪ್ಪು ಒಡ್ಯಾಣ ತೊಟ್ಟಿತ್ತು. ಮಣ್ಣಿನಲ್ಲಿದ್ದ ಯಾವುದೋ ಪೇಪರ್ ತುಂಡಿನ ತೂತಿನಲ್ಲಿ ತೂರಿ ಬೆಳೆದು, ನಡು ಸಣ್ಣಗಾಗಿ ಕೆಳಗೆ ಎರಡು ಕಾಲು ಒಡೆದಿತ್ತು. ಹೌ ಕ್ಯೂಟ್ ಎಂದು ಫೋಟೋ ತೆಗೆದು ಹಳೆಯ ಕ್ಲಾಸ್‌ಮೇಟುಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹದಿನಾಲ್ಕು ಜನ ನಗುವ ಮುಖ ಕಳಿಸಿದರು.

ಐದನೆಯ ಬೆಳೆ ಸೊರಗಿತು. ಗಿಡ ಮೇಲೆ ಹಸಿರಾಗಿದ್ದರೂ ಕಾಯಿ ಕಟ್ಟಲಿಲ್ಲ. ಓರಗಿತ್ತಿ ಟೊಮೆಟೊ ಸಾಕು ಎಂದಳು.

“ಈ ವರ್ಷ ರಾಗಿ ಹಾಕ್ತೀನಿ ಅಕ್ಕಾ. ನಮ್ಮಮ್ಮನ ರಾಗಿ.”

ಅವಳ ತಾಯಿ ಮಗಳ ಮದುವೆಗೆ ಕೊಟ್ಟ ಸಾಮಾನುಗಳಲ್ಲಿ ಒಂದು ಮಡಕೆ ಬಿತ್ತನೆ ರಾಗಿಯೂ ಇತ್ತು. ಮುಷ್ಟಿ ಬಿಗಿದಂಥ ತೆನೆ, ಕರಿಗೆಂಪು ಕಾಳು. ಟೊಮೆಟೊದ ಕಾಲ ಬಂದ ಮೇಲೂ ಅವಳು ಹಿತ್ತಲಿನ ಮೂಲೆಯಲ್ಲಿ ಒಂದಿಷ್ಟು ಹಾಕಿ ಬೀಜ ಹೊಸದು ಮಾಡಿಕೊಳ್ಳುತ್ತಿದ್ದಳು. ಆ ಮೂಲೆಗೆ ಹಸುವಿನ ಶೆಡ್ಡು ಬಂದ ಮೇಲೆ ಮೂರು ವರ್ಷ ಅದೂ ನಿಂತಿತ್ತು. ತವರಿನಲ್ಲಿ ಈಗ ಎಲ್ಲ ಮಾವಿನ ತೋಟ, ಅಲ್ಲಿ ಕೇಳಿದರೆ ಒಂದು ಕಾಳೂ ಇಲ್ಲ. ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಎರಡು ಸೇರು ಮಾತ್ರ ಉಳಿದಿತ್ತು.

“ಅರ್ಧ ಹಾಕೇ, ಅರ್ಧ ಇಟ್ಕೋ,” ಎಂದೆ. ಎಲ್ಲದರಲ್ಲೂ ಅರ್ಧ ಉಳಿಸಿಕೊಳ್ಳುವುದು ನನ್ನ ಸ್ವಭಾವ.

“ಇಟ್ಟು ಏನ್ ಮಾಡ್ಲಿ? ಇನ್ನೊಂದು ವರ್ಷ ಹೋದ್ರೆ ಮೊಳಿಯಲ್ಲ. ಹೋದ್ರೆ ಎಲ್ಲಾ ಹೋಗ್ಲಿ, ಬಂದ್ರೆ ಎಲ್ಲಾ ಬರ್ಲಿ.”

ಪುನರ್ವಸು ಮಳೆಗೆ ಅರ್ಧ ಎಕರೆಗೆ ಬಿತ್ತಿದಳು. ಕುಂಟೆ ಹೊಡೆದಾಗಲೇ ಸೂಚನೆ ಸಿಕ್ಕಿತು. ನಾಲ್ಕು ಹೆಜ್ಜೆಗೊಮ್ಮೆ ಕುಂಟೆಯ ತುದಿಗೆ ಕಪ್ಪು ಚಿಂದಿ ಸಿಕ್ಕಿಕೊಂಡು ಜಡೆಯಾಗುತ್ತಿತ್ತು. ಅವಳು ನಿಲ್ಲುವಳು, ಬಿಡಿಸುವಳು, ತೆಲುಗಿನಲ್ಲಿ ಯಾರಿಗೋ ಶಾಪ ಹಾಕುವಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಹದಿನೈದು ದಿನಕ್ಕೆ ಹೊಲ ಬೋಳುರೋಗ ಬಂದ ತಲೆಯಂತೆ ಕಂಡಿತು. ಅಲ್ಲೊಂದು ಗುಂಪು ಪೈರು, ಇಲ್ಲೊಂದು ಮಂಕರಿಯಷ್ಟು ಬರಿ ನೆಲ. ಮಳೆ ಬಂದ ಮರುದಿನ ಆ ಬರಿ ನೆಲದ ಮೇಲೆ ನೀರು ತಟ್ಟೆಯಲ್ಲಿಟ್ಟಂತೆ ನಿಂತಿರುತ್ತಿತ್ತು. ಓರಗಿತ್ತಿ ಊಟಕ್ಕೆ ಕೂತರೂ ಹೊಲದ ಕಡೆಗೇ ಮುಖ.

ಕೊನೆಗೆ ನಾನೇ ಫೋನು ಮಾಡಿ ಕೃಷಿ ಇಲಾಖೆಯಿಂದ ಒಬ್ಬ ಹುಡುಗಿ ಆಫೀಸರನ್ನು ಕರೆಸಿದೆ. ಸ್ಕೂಟಿಯಲ್ಲಿ ಬಂದಳು. ಸಾಹೇಬರೂ ಟ್ರ್ಯಾಕ್ಟರ್ ನಿಲ್ಲಿಸಿ ಬಂದರು. ಹುಡುಗಿ ಕುಳಿತು, ಕುರ್ಪಿಯಲ್ಲಿ ಒಂದು ಒಣಗುತ್ತಿದ್ದ ಪೈರನ್ನು ಬೇರು ಸಹಿತ ಎತ್ತಿದಳು. ಬೇರು ಒಂದಿಂಚು ಇಳಿದು, ಅಂಗೈ ಅಗಲದ ಕಪ್ಪು ಹಾಳೆಯ ಮೇಲೆ ಅಡ್ಡಡ್ಡ ಹರಿದಾಡಿ, ದಾರಿ ಸಿಗದೆ ಸುರುಳಿ ಸುತ್ತಿತ್ತು. ಹಾಳೆಯ ಮೇಲೆ ಕೆಸರು. ಎತ್ತಿದರೆ ಅದರ ಕೆಳಗೆ ಬೂದಿಯಂಥ ಒಣ ಮಣ್ಣು.

“ನೋಡಿ, ನೀರು ಕೆಳಗೆ ಹೋಗ್ತಿಲ್ಲ, ಬೇರೂ ಹೋಗ್ತಿಲ್ಲ. ಎಷ್ಟು ಅಗೆದ್ರೂ ಒಂದು ಎರೆಹುಳ ಸಿಕ್ತಿಲ್ಲ. ಈ ದೊಡ್ಡ ತುಂಡುಗಳನ್ನಾದ್ರೂ ಆರಿಸ್ಬಹುದು. ರೋಟವೇಟರ್ ಪುಡಿ ಮಾಡಿರೋದನ್ನ ಏನ್ ಮಾಡ್ತೀರಾ? ಇದನ್ನ ಯಾಕೆ ಉಳೋಕೆ ಮೊದ್ಲು ತೆಗೀಲಿಲ್ಲ?”

“ಕರಗ್ತದೆ ಅಂದ್ರಲ್ಲ ಮೇಡಂ,” ಎಂದರು ಸಾಹೇಬರು.

“ಪಾಲಿಥೀನ್ ಕರಗುತ್ತಾ? ಯುವಿ ಸ್ಟೆಬಿಲೈಸ್ಡ್ ಅಂತ ರೋಲ್ ಮೇಲೇ ಬರೆದಿರ್ತಾರೆ, ಬಿಸಿಲಿಗೆ ಹಾಳಾಗಲ್ಲ ಅಂತ. ಕರಗುತ್ತೆ ಅಂದೋರು ಯಾರು?”

ಸಾಹೇಬರು ಟ್ರ್ಯಾಕ್ಟರಿನ ಕಡೆ ನೋಡಿದರು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದೆ. ಆ ಕನ್ನಡಕ ಅಷ್ಟು ಕ್ಲೀನಾದದ್ದು ಅಂದೇ.

“ಅಂಗಡಿಯೋನು ಅಂದ ಮೇಡಂ,” ಎಂದಳು ಓರಗಿತ್ತಿ, ಒಂದು ಕ್ಷಣವೂ ತಡೆಯದೆ.

“ತಿಳಿವಳಿಕೆ ಇಲ್ದೋರ ಮಾತು ಕೇಳ್ಬೇಡಿ ಅಮ್ಮಾ,” ಎಂದಳು ಹುಡುಗಿ. ನನ್ನ ಕಡೆ ತಿರುಗಿ, “ಮೇಡಂ, ನೀವು ಓದಿದೋರು, ಸ್ವಲ್ಪ ಇವರಿಗೆ ಹೇಳ್ತಿರಿ,” ಎಂದು ಸ್ಕೂಟಿ ಹತ್ತಿದಳು. ಫುಟ್‌ರೂಲರಿನ ಏಟು ಇದಕ್ಕಿಂತ ಎಷ್ಟೋ ವಾಸಿ.

ಮನೆಗೆ ಬಂದು ಜಗಲಿಯ ಮೇಲೆ ಕೂತೆವು. ಕ್ಷಮೆ ಕೇಳುವುದಕ್ಕೆ ಒಳ್ಳೆಯ ಇಂಗ್ಲಿಷ್ ವಾಕ್ಯಗಳು ನನ್ನ ಬಳಿ ಬೇಕಾದಷ್ಟಿವೆ. ಕನ್ನಡದಲ್ಲಿ ಒಂದೂ ಬರಲಿಲ್ಲ.

“ಅಂಗಡಿಯೋನ ಮೇಲೆ ಯಾಕೆ ಹಾಕ್ದೆ? ಹೇಳಿದ್ದು ನಾನು.”

“ಅವ್ನೇನು ಇಲ್ಲಿ ನಿಂತಿದ್ನಾ? ಪೋನಿಲೇ ಅಕ್ಕಾ, ಹೋಗ್ಲಿ ಬಿಡು.”

“ನಾನು ಓದಿದ್ದು ತಪ್ಪು ಕಣೇ. ನೀನು ನನ್ನ ನಂಬಿದೆ.”

ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. “ನಿನ್ನ ಓದು ಕೇಳಿ ನಂಬಿದೆ ಅಂದ್ಕೊಂಡಿದೀಯಾ? ಎರಡನೇ ಬೆಳೆನಾಗೇ ಹಾಳೆ ಹಂಗಂಗೇ ಇತ್ತು, ನಂಗೆ ಕಣ್ಣಿಲ್ವಾ? ಸೊಂಟ ನೋಯ್ತಿತ್ತು. ಕೀಳೋಕೆ ಆಳಿಲ್ಲ. ಕರಗ್ತದೆ ಅಂತ ಒಬ್ರು ಇಂಗ್ಲಿಷ್‌ನಾಗೆ ಹೇಳವ್ರಲ್ಲ ಅಂತ ಕಣ್ಮುಚ್ಕೊಂಡೆ. ಊರೋರೂ ಅಷ್ಟೇಯ.”

ಅಂದರೆ ಇಷ್ಟು ವರ್ಷ ನನ್ನ ವಿದ್ಯೆಗೆ ಸಿಕ್ಕಿದ ಮರ್ಯಾದೆಯೆಲ್ಲ ಊರಿನ ಸೊಂಟನೋವಿಗೆ ಸಲ್ಲಬೇಕಾದದ್ದು. ಗಿಲ್ಟಿಯಾಗಿ ಕೂತವಳಿಗೆ ಈಗ ಅವಮಾನವೂ ಸೇರಿತು. ಆಮೇಲೆ ಅವಳು ದನಿ ತಗ್ಗಿಸಿದಳು. “ಅದು ಬಿಡು. ಬೀಜ ಹೋಗ್ತದಲ್ಲ ಅಕ್ಕಾ. ನಮ್ಮಮ್ಮಂದು. ಮಡಕೆನಾಗೆ ಬೂದಿ ಬಿಟ್ರೆ ಏನಿಲ್ಲ.”

ಬೀಜವನ್ನು ಉಳಿಸುವ ಉಪಾಯ ಹೊಳೆದದ್ದೂ ಅವಳಿಗೇ. ಮನೆಯ ಹಿಂದೆ ಹಳೆಯ ಕಣ ಇತ್ತು. ಹಿಂದೆ ಸಗಣಿ ಸಾರಿಸಿ ಅಲ್ಲೇ ರಾಗಿ ಬಡಿಯುತ್ತಿದ್ದರು. ಈಗ ನಾಗರಿಕತೆ ಬಂದಿದೆ. ಟಾರ್ ರಸ್ತೆಯ ಮೇಲೆ ಹರಡಿದರೆ ಬಸ್ಸು ಲಾರಿಗಳು ಬಿಟ್ಟಿಯಾಗಿ ತುಳಿದುಕೊಡುತ್ತವೆ, ಒಂದಿಷ್ಟು ಜಲ್ಲಿಯನ್ನೂ ಬೆರೆಸಿ. ಹಾಗಾಗಿ ಕಣ ಯಾರಿಗೂ ಬೇಡವಾಗಿ ಬಿದ್ದಿತ್ತು. ಅಲ್ಲಿಗೆ ಪೇಪರ್ ಎಂದೂ ಹೋಗಿರಲಿಲ್ಲ. ನೆಲ ಕಲ್ಲಿನಂತೆ ಗಟ್ಟಿ. ಗುದ್ದಲಿಯಲ್ಲಿ ಕಡಿದು, ಕೊಟ್ಟಿಗೆಯ ಗೊಬ್ಬರ ಹಾಕಿ, ಎರಡು ದಿನ ನೀರು ಕಟ್ಟಿ ಹದ ಮಾಡಿದಳು. ಆಶ್ಲೇಷ ಮಳೆ ಹಿಡಿದಾಗ ಹೊಲದಲ್ಲಿ ಜೀವ ಹಿಡಿದಿದ್ದ ಪೈರನ್ನು ಕಿತ್ತು ತಂದು ಕಣದಲ್ಲಿ ನಾಟಿ ಮಾಡಿದೆವು. ಮಾಡಿದೆವು ಎನ್ನುವಾಗ ನಾನು ಪೈರಿನ ಕಟ್ಟು ಹಿಡಿದು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ ಎಂಬುದನ್ನು ಸೇರಿಸಬೇಕು. ಅರ್ಧ ಎಕರೆಯ ಬೆಳೆ ಒಂದು ಮದುವೆ ಚಪ್ಪರದಷ್ಟು ಜಾಗಕ್ಕೆ ಇಳಿಯಿತು.

ಆ ನಡುವೆ ಒಂದು ಬೆಳಗ್ಗೆ ಪಕ್ಕದ ಹೊಲದಲ್ಲಿ ಸಾಹೇಬರು ರೋಟವೇಟರ್ ಇಳಿಸುತ್ತಿದ್ದರು. ಟೊಮೆಟೊ ಮುಗಿದ ಹೊಲ, ಪೇಪರೆಲ್ಲ ಹಾಗೇ ಹಾಸಿತ್ತು. ನಾನು ಬದುವಿನ ಮೇಲೆ ಬೀಳದಂತೆ ನಡೆದುಕೊಂಡು ಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತೆ.

“ಸಾಹೇಬ್ರೇ, ಅವತ್ತು ನಾನು ಓದಿದ್ದು ತಪ್ಪು. ಅಂಗಡಿಯವನದಲ್ಲ, ನಂದೇ ತಪ್ಪು. ಇದು ಕರಗಲ್ಲ. ಕಿತ್ತು ಆಮೇಲೆ ಹೊಡೀರಿ.”

ಅವರು ಇಂಜಿನ್ ಆರಿಸಿದರು. ಜೇಬಿನಿಂದ ಫೋನು ತೆಗೆದು ಹೊಲದ ಯಜಮಾನನಿಗೆ ವಿಷಯ ಹೇಳಿದರು. ಆ ಕಡೆಯ ಮಾತನ್ನು ಬಹಳ ಹೊತ್ತು ಕೇಳಿಸಿಕೊಂಡು ಫೋನು ಒಳಗಿಟ್ಟರು.

“ಕೀಳೋಕೆ ಜನ ಇಲ್ವಂತೆ ದೊಡ್ಡಮ್ಮಾ. ಹೊಡಿ ಅಂದ್ರು.”

“ಕರಗಲ್ಲ ಅಂತ ಹೇಳಿದ್ರಾ?”

“ಹೇಳ್ದೆ. ದೊಡ್ಡಮ್ಮಂಗೆ ವಯಸ್ಸಾಯ್ತು, ಈಗೀಗ ಓದೋದು ತಪ್ತದೆ ಅಂದ್ರು.” ಅವರಿಗೆ ನಗು ತಡೆಯಲಾಗಲಿಲ್ಲ, ನನಗೂ. “ಕರಗ್ತದೆ ಅಂತ ಒಂದ್ಸಲ ಅಂದ್ರಿ, ಇಡೀ ಊರು ಕೇಳ್ತು. ಈಗ ಕರಗಲ್ಲ ಅಂತ ಮನೆಮನೆಗೆ ಹೇಳ್ಕೊಂಡು ಬನ್ನಿ, ಎಷ್ಟು ಜನ ಬಾಗ್ಲು ತೆಗೀತಾರೆ ನೋಡ್ತೀನಿ.”

ಇಂಜಿನ್ ಮತ್ತೆ ಸದ್ದು ಮಾಡಿತು. ನಾನು ದಾರಿ ಬಿಟ್ಟೆ. ಮನೆಮನೆಗೂ ಹೋದೆ, ಸುಳ್ಳೇಕೆ ಹೇಳಲಿ. ಎಲ್ಲರೂ ಕಾಫಿ ಕೊಟ್ಟರು. ಯಾರೂ ಪೇಪರ್ ಕೀಳಲಿಲ್ಲ.

ಕಣದ ರಾಗಿ ತೆನೆ ಕಟ್ಟಿತು. ದನ ನುಗ್ಗದಂತೆ ಓರಗಿತ್ತಿ ಸುತ್ತ ಮುಳ್ಳು ಕಟ್ಟಿದ್ದಳು. ಗುಬ್ಬಿಗಳನ್ನು ಓಡಿಸುವ ಕೆಲಸ ನನ್ನದು. ಕೊಯ್ದ ದಿನ ತೆನೆಗಳನ್ನು ರಸ್ತೆಗೆ ಒಯ್ಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಹಳೆಯ ಸೀರೆ ಹಾಸಿ, ಕೈಯಲ್ಲೇ ಉಜ್ಜಿ, ಮೊರದಲ್ಲಿ ತೂರಿದಳು. ಸೇರಿನಲ್ಲಿ ಅಳೆದಾಗ ಹನ್ನೊಂದು ಸೇರು ತುಂಬಿ ಸ್ವಲ್ಪ ಮಿಕ್ಕಿತು. ಎರಡು ಎಕರೆ ಇರುವ ಮನೆಗೆ ಅದು ಬೆಳೆಯೇ ಅಲ್ಲ. ಅವಳು ಅದನ್ನು ನೋಡುತ್ತಾ ಕೂತ ರೀತಿಗೆ ನಾನೂ ಪಕ್ಕದಲ್ಲಿ ನೆಲಕ್ಕೇ ಕೂತೆ, ಮಂಡಿಯ ಗತಿ ಏನಾದರಾಗಲಿ ಎಂದು.

“ಒಂದೇ ಒಂದು ಮುದ್ದೆಗೆ ಆಗೋವಷ್ಟು ಬೀಸೇ,” ಎಂದೆ.

“ಮುದ್ದೆ ಗಿದ್ದೆ ಇಲ್ಲ. ಇದು ತಿನ್ನೋಕಲ್ಲ.” ಒಂದು ಚಿಟಿಕೆ ತೆಗೆದು ನನ್ನ ಅಂಗೈಗೆ ಹಾಕಿದಳು. “ತಗೋ, ಇಷ್ಟು ಅಗೀ.”

ಉಳಿದ ಹಲ್ಲುಗಳಿಂದ ಅಗಿದೆ. ಹಸಿ ಹಿಟ್ಟಿನ ರುಚಿ, ಕೊನೆಯಲ್ಲಿ ಒಂದಿಷ್ಟು ಸಿಹಿ.

“ಮುಂದಿನ ವರ್ಷ ಎಲ್ಲಿ ಹಾಕ್ತೀಯೇ? ಮತ್ತೆ ಕಣದಲ್ಲೇನಾ?”

“ಹೊಲದಾಗೆ ಹಾಕ್ತೀನಿ.” ಅವಳು ಕಾಳಿಗೆ ಬೂದಿ ಬೆರೆಸುತ್ತಿದ್ದಳು, ತಲೆ ಎತ್ತಲಿಲ್ಲ. “ನೀನು ಎಷ್ಟು ಜಾಗ ಆರಿಸಿಕೊಡ್ತೀಯೋ ಅಷ್ಟರಾಗೆ.”

ಹೀಗಾಗಿ ಈಗ ಬೆಳಗಿನ ಹೊತ್ತು ನಾನು ಹೊಲದಲ್ಲಿರುತ್ತೇನೆ. ಸ್ಟೂಲು, ಕುರ್ಪಿ, ಒಂದು ಗೋಣಿಚೀಲ, ಕಾನ್ವೆಂಟಿನ ದಿನಗಳ ನಂತರ ಮೊದಲ ಬಾರಿಗೆ ತಲೆಗೊಂದು ಹ್ಯಾಟು. ಬಿಸಿಲೇರುವ ತನಕ ಮಣ್ಣನ್ನು ಕೆದಕಿ ತುಂಡುಗಳನ್ನು ಆರಿಸುತ್ತೇನೆ. ಉಗುರಿನಷ್ಟು ಸಣ್ಣವು ಬೆರಳಿಗೆ ಸಿಗುವುದಿಲ್ಲ, ಸಿಕ್ಕಷ್ಟು ಸಿಕ್ಕಿತು. ಬೋರ್‌ವೆಲ್ಲಿನ ಪಕ್ಕದಿಂದ ಶುರು ಮಾಡಿದ್ದೇನೆ. ಇವತ್ತಿಗೆ ಮೂರು ಸಾಲು ಮುಗಿದಿದೆ.